ತಪ್ಪದ ಬಾಗಿನ

ನನ್ನ ಗಂಡ ಷೇರು ನೋಡುತ್ತಿದ್ದದ್ದು ದನದ ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ. ಹಾಲು ಎಷ್ಟು ಕೊಡುತ್ತದೆ, ಎಷ್ಟು ಸೂಲಿನಿಂದ ಕೊಡುತ್ತಿದೆ, ಒದೆಯುತ್ತದೋ ಇಲ್ಲವೋ. ಓಡುವ ಹೋರಿ ಅವರಿಗೆ ಬೇಡ. "ರೇಟು ಏರೋದು ಇಳಿಯೋದು ಜೂಜುಕೋರರ ತಲೆನೋವು ಕಣೇ ಶಾಂತಿ. ನಂಗೆ ವರ್ಷಕ್ಕೊಂದ್ಸಲ ಡಿವಿಡೆಂಡ್ ಬರ್ಬೇಕು, ಅಷ್ಟೇ" ಎನ್ನುತ್ತಿದ್ದರು. ನಂಜನಗೂಡಿನ ಪೇಟೆಯಲ್ಲಿ ನಮ್ಮದು ಗೊಬ್ಬರದ ಅಂಗಡಿ. ಸಂಜೆ ವ್ಯಾಪಾರ ಇಳಿದ ಮೇಲೆ ಅಕ್ಕಪಕ್ಕದ ಅಂಗಡಿಯವರು ಯೂರಿಯಾ ಮೂಟೆಗಳ ಮೇಲೆ ಕೂತು ಈ ಎಮ್ಮೆಶಾಸ್ತ್ರ ಕೇಳುತ್ತಿದ್ದರು, ನಾನು ಗಲ್ಲಾದ ಹಿಂದೆ ಕೂತು ಕೇಳುತ್ತಿದ್ದೆ. ನನ್ನ ಗಂಡನ ಹೆಸರು ರುದ್ರೇಶ್. ಕೆಟ್ಟ ಮನುಷ್ಯ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಮನಸ್ಸು ಬರುತ್ತದೋ ಇಲ್ಲವೋ.

ಅವರಿಗೆ ಒಬ್ಬರೇ ಅಕ್ಕ, ಚನ್ನಬಸಮ್ಮ. ತಿ. ನರಸೀಪುರದ ಆಚೆ ಮುಡುಕುತೊರೆಗೆ ಕೊಟ್ಟಿದ್ದರು. ಭಾವ ತೀರಿಕೊಂಡ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಅಕ್ಕನಿಗೆ ಮೊರದ ಬಾಗಿನ ಹೋಗಲಿಲ್ಲ. ಗಂಡ ಸತ್ತವಳಿಗೆ ಎಂಥ ಬಾಗಿನ ಎಂದು ಬಂಧುಗಳು ಬಾಯಿಗೊಂದೊಂದು ಮಾತಾಡಿದರು, ನಮ್ಮ ಮಾವ ಶಿವಮಲ್ಲಪ್ಪನವರು ಅವರ ಮಾತಿಗೆ ತಲೆಬಾಗಿದರು. ಅಕ್ಕ ಅವತ್ತು ಕತ್ತಲಾಗುವವರೆಗೂ ಹೊಸ್ತಿಲ ಮೇಲೆ ಕೂತು ಬಸ್ಸಿನ ದಾರಿ ನೋಡಿದರಂತೆ. ಅದನ್ನು ನನ್ನ ಗಂಡ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಮಾವ ಹೋದ ಮೇಲೆ ಇವರು ಮಾಡಿದ ಮೊದಲ ಕೆಲಸ, ಅಕ್ಕನನ್ನೂ ಅವರ ಮಗಳು ನಯನಳನ್ನೂ ಕರೆತಂದು ಹೆಮ್ಮರಗಾಲದ ನಮ್ಮ ಹೊಲದ ಮನೆಯಲ್ಲಿ ಇರಿಸಿದ್ದು. ಆ ವರ್ಷ ಗೌರಿ ಹಬ್ಬದ ದಿನ ತಾವೇ ಮೊರ ಹೊತ್ತುಕೊಂಡು ಊರ ನಡುವೆ ನಡೆದು ಹೋಗಿ ಅಕ್ಕನ ಮಡಿಲಿಗಿಟ್ಟರು. ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ, ಕುಂಕುಮ, ಎಲ್ಲವೂ ಇತ್ತು. ಜಗಲಿಯ ಮೇಲಿದ್ದ ದೊಡ್ಡವರು ಗೊಣಗಿದಾಗ, "ಬಸವಣ್ಣನ ಹೆಸರೇಳ್ಕಂಡು ತಿನ್ನೋ ಜನ ನೀವು. ನಿಮ್ಗೇ ನಾಚ್ಕೆ ಆಗ್ಬೇಕು" ಎಂದರು. ಅವತ್ತು ನನಗೆ ಗಂಡನ ಮೇಲೆ ಹೆಮ್ಮೆ ಬಂದದ್ದು ನಿಜ.

ಅದೇ ಸುಮಾರಿಗೆ ನಮ್ಮ ಹೊಲದಲ್ಲಿ ಹೈಟೆನ್ಶನ್ ಲೈನಿನ ಟವರ್ ಎದ್ದಿತು. ಕಂಪನಿಯ ಹೆಸರು ಬೇಡ ಬಿಡಿ, ನಮ್ಮ ಕಡೆ ಎಲ್ಲರೂ ಟವರ್ ಕಂಪನಿ ಎಂದೇ ಕರೆಯುವುದು. ಹೊಲದಲ್ಲಿ ಅಕ್ಕನಿಗೂ ಅರ್ಧ ಪಾಲಿತ್ತು. ಆದರೆ ಹೆಣ್ಣುಮಕ್ಕಳು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನನಗೆ ಬೇಡ ಎಂದು ರುಜು ಹಾಕಿ ಬರುವುದು, ಅದಕ್ಕೆ ಬದಲಾಗಿ ತವರಿನವರು ವರ್ಷಾವರ್ಷ ಬಾಗಿನ ಕೊಡುವುದು ನಮ್ಮ ವಾಡಿಕೆ. ಎಷ್ಟೋ ಮನೆಗಳಲ್ಲಿ ರುಜು ಒಣಗುವ ಮೊದಲೇ ಬಾಗಿನ ಮರೆತುಹೋಗುತ್ತದೆ. ನನ್ನ ಗಂಡ ಹಾಗೆ ಮಾಡಲಿಲ್ಲ. ಅಕ್ಕ ರುಜು ಹಾಕಿದ ವಾರದಲ್ಲೇ ಟವರಿನ ಪರಿಹಾರದ ಹಣಕ್ಕೆ ಅಂಗಡಿಯ ಉಳಿತಾಯವನ್ನೂ ಸೇರಿಸಿ, ಅಷ್ಟೂ ಹಣದಲ್ಲಿ ಅದೇ ಟವರ್ ಕಂಪನಿಯ ಷೇರು ಕೊಂಡು ಅಕ್ಕನ ಹೆಸರಿಗೆ ಮಾಡಿದರು. ಹೊಲ ಇನ್ನು ನಮ್ಮದು, ಷೇರು ಅಕ್ಕನದು.

"ಅದೇ ಕಂಪನಿ ಯಾಕ್ರೀ?" ಎಂದು ಕೇಳಿದ್ದೆ.

"ಬೇರೆ ಕಂಪನಿ ಫ್ಯಾಕ್ಟರಿ ಎಲ್ಲೈತೋ ಏನೋ, ಯಾರು ಕಂಡೋರು? ಇದು ನಮ್ ಹೊಲದಲ್ಲೇ ನಿಂತದೆ. ಕಣ್ಣಿಗೆ ಕಾಣೋ ಆಸ್ತಿ. ಎಲ್ಲಿಗೆ ಓಡೋಗುತ್ತೆ?"

ಅಕ್ಕನಿಗೂ ಅವರು ಕೂರಿಸಿಕೊಂಡು ವಿವರಿಸಿದರು. ಈ ಕಂಪನಿ ಕರೆಂಟು ತಯಾರಿಸುವುದೂ ಇಲ್ಲ, ಮಾರುವುದೂ ಇಲ್ಲ, ಸಾಗಿಸುತ್ತದೆ ಅಷ್ಟೆ. ತಂತಿಯ ಬಾಡಿಗೆ ಎಷ್ಟು ಎಂದು ದರ ಆಯೋಗ ಗೊತ್ತು ಮಾಡುತ್ತದೆ. ಹಾಕಿದ ಬಂಡವಾಳಕ್ಕೆ ಇಷ್ಟು ಲಾಭ ಎಂದು ಅದೇ ಕಟ್ಟಿಕೊಡುತ್ತದೆ. ಮಳೆ ಬರಲಿ ಬಿಡಲಿ, ಭತ್ತದ ರೇಟು ಬೀಳಲಿ ಏಳಲಿ, ಬಾಡಿಗೆ ಬಂದೇ ಬರುತ್ತದೆ. ಬಂದ ಲಾಭದಲ್ಲಿ ಮುಕ್ಕಾಲು ಪಾಲು ಹಂಚುತ್ತಾರೆ. ಸಾಲ ಇದೆ, ಆದರೆ ಅದರ ಬಡ್ಡಿಯೂ ಬಾಡಿಗೆಯಲ್ಲೇ ಸೇರಿದೆ.

ಅಕ್ಕ ಎಲ್ಲ ಕೇಳಿ, "ನಂಗೆ ಅದೆಲ್ಲ ತಿಳಿಯಾಕಿಲ್ಲ ಕಣ್ಲಾ ರುದ್ರಿ. ವರ್ಸ ವರ್ಸ ಮೊರ ಬತ್ತದಾ?" ಎಂದರು.

"ತಪ್ಪಾಕಿಲ್ಲ ಅಕ್ಕ."

ತಪ್ಪಲೂ ಇಲ್ಲ. ಡಿವಿಡೆಂಡ್ ಬರುತ್ತಿದ್ದದ್ದು ಗೌರಿ ಹಬ್ಬದ ಆಸುಪಾಸಿಗೆ. ಅಕ್ಕನ ಖಾತೆಗೇ ಬೀಳುತ್ತಿತ್ತು, ಆದರೆ ಅವರು ಬ್ಯಾಂಕಿನಿಂದ ತೆಗೆಯಲು ಒಪ್ಪುತ್ತಿರಲಿಲ್ಲ. "ಬ್ಯಾಂಕಿಂದ ಬಂದ್ರೆ ಅದ್ಯಾವ ಬಾಗಿನ? ತಮ್ಮ ತಂದ್ರೆ ಬಾಗಿನ" ಎನ್ನುವರು. ಹಾಗಾಗಿ ಇವರೇ ತೆಗೆದು, ಮೊರದಲ್ಲಿ ಅಕ್ಕಿಯ ಕೆಳಗಿಟ್ಟು ಕೊಂಡೊಯ್ಯುವರು. ಅದರಲ್ಲಿ ಅಕ್ಕನ ವರ್ಷದ ಜೀವನ ನಡೆಯಿತು. ನಯನ ಪಿಯುಸಿ ಮುಗಿಸಿ ಮೈಸೂರಿನಲ್ಲಿ ನರ್ಸಿಂಗಿಗೆ ಸೇರಿದಳು. ಪ್ರತಿ ವರ್ಷವೂ ಹಿಂದಿನ ವರ್ಷಕ್ಕಿಂತ ಒಂದು ಹಿಡಿ ಹೆಚ್ಚೇ ಬರುತ್ತಿತ್ತು. ಇದನ್ನು ಕಂಡು ಪಕ್ಕದ ಬಟ್ಟೆ ಅಂಗಡಿಯ ಮದನ್, ಅವನ ಹಿಂದೆ ಮೂಟೆಗಳ ಮೇಲಿನ ಪರಿಷತ್ತು ಪೂರ್ತಿ ಅದೇ ಷೇರು ಕೊಂಡಿತು. ನನ್ನ ಗಂಡ ಪೇಟೆಯಲ್ಲಿ ನಡೆದರೆ ಜನ ಎದ್ದು ನಮಸ್ಕಾರ ಮಾಡುವಂತಾಯಿತು.

ಕಂಪನಿಯ ಕಡೆಯಿಂದ ಕೃಷ್ಣ ಎಂಬ ಹುಡುಗ ತಿಂಗಳಿಗೊಮ್ಮೆ ಮೊಪೆಡ್ಡಿನಲ್ಲಿ ಬಂದು ಟವರ್ ಹತ್ತಿ ಬೋಲ್ಟು ಬಿಗಿ ಮಾಡಿ, ಅಕ್ಕನ ಮನೆಯಲ್ಲಿ ಮಜ್ಜಿಗೆ ಕುಡಿದು ಹೋಗುತ್ತಿದ್ದ. ಒಂದು ವರ್ಷ ಅವನು ಬರುವುದು ನಿಂತಿತು. ಅಕ್ಕ ಫೋನಿನಲ್ಲಿ, "ಆ ಕೃಷ್ಣ ಅನ್ನೋ ಐದ ಯಾಕೋ ಈಚೀಚ್ಗೆ ಕಾಣದೇ ಇಲ್ವಲ್ಲ, ಉಸಾರಾಗವ್ನಾ?" ಎಂದು ವಿಚಾರಿಸಿದರು. ಅದೇ ವಾರ ಕಂಪನಿಯ ವಾರ್ಷಿಕ ವರದಿ ಬಂತು. ನನ್ನ ಗಂಡ ಮೂಟೆಯವರನ್ನು ಕೂರಿಸಿಕೊಂಡು ಖುಷಿಯಿಂದ ಓದಿದರು.

"ನೋಡಿ, ಇದು ಜಾಣ ಕಂಪನಿ. ನಿರ್ವಹಣೆಗೆ ಇಷ್ಟು ಅಂತ ಆಯೋಗ ಲೆಕ್ಕ ಕಟ್ಟಿ ಕೊಟ್ಬಿಡುತ್ತೆ. ಅದಕ್ಕಿಂತ ಕಮ್ಮೀಲಿ ಮುಗಿಸಿದ್ರೆ ಉಳಿದದ್ದು ಕಂಪನಿಗೇ. ಈ ಸಲ ಮೂರನೇ ಒಂದು ಭಾಗ ಉಳಿಸವ್ರೆ!"

"ಉಳಿಸಿದ್ದು ಯಾವುದನ್ನ? ಕೃಷ್ಣನ್ನ ತಾನೆ?" ಎಂದೆ ನಾನು.

ಎಲ್ಲರೂ ನಕ್ಕರು. ಅವರೂ ನಕ್ಕರು. ಹೆಂಗಸಿನ ಮಾತು ಎಂದರೆ ನಗುವುದಕ್ಕೇ ಇರುವುದಲ್ಲವೇ.

ಇದಾದ ಮರುವರ್ಷ ಸಂಕ್ರಾಂತಿಗೆ ಎಳ್ಳು ಕೊಡಲು ಹೆಮ್ಮರಗಾಲಕ್ಕೆ ಹೋದಾಗ ಅಕ್ಕ ನನ್ನನ್ನು ಟವರಿನ ಬುಡಕ್ಕೆ ಕರೆದೊಯ್ದರು. ಕಾಲುಗಳ ನಡುವಿನ ಕಬ್ಬಿಣದ ಅಡ್ಡಪಟ್ಟಿಗಳಲ್ಲಿ ನಾಲ್ಕೈದು ಕಾಣೆಯಾಗಿದ್ದವು. ಬೋಲ್ಟು ಬಿಚ್ಚಿದ ತೂತುಗಳು ಮಾತ್ರ ಉಳಿದಿದ್ದವು.

"ಯಾರೋ ಗುಜರಿಗೆ ಕಿತ್ಕಂಡ್ ಓಗವ್ರೆ ಕಣವ್ವ. ಗಾಳಿ ಬೀಸ್ದಾಗ ಕಿರ್ ಅಂತದೆ. ಎಮ್ಮೆಗಳು ನಿಲ್ಲಾಕಿಲ್ಲ, ಅಗ್ಗ ಜಗ್ತವೆ. ಕೊಟ್ಟಿಗೆ ಬೇರೆ ಪಕ್ಕದಲ್ಲೇ ಅದೆ."

ನಾನು ಸುಮ್ಮನಿರುವ ಪೈಕಿ ಅಲ್ಲ. ಮರುದಿನವೇ ಅಕ್ಕನನ್ನು ಕರೆದುಕೊಂಡು ತಿ. ನರಸೀಪುರದಲ್ಲಿದ್ದ ಟವರ್ ಕಂಪನಿಯ ಆಫೀಸಿಗೆ ಹೋದೆ. ಅಲ್ಲಿದ್ದ ಇಂಜಿನಿಯರ್ ನಾಗೇಂದ್ರ ಮರ್ಯಾದಸ್ಥ. ನಾನು ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ನೋಡಿದ ಕೂಡಲೇ ಅವರ ಮುಖ ಸಣ್ಣದಾಯಿತು.

"ಮೊದಲಿದ್ದ ಹುಡುಗರನ್ನೆಲ್ಲ ತೆಗೆದುಬಿಟ್ಟವ್ರೆ ಅಮ್ಮ. ನಾನೊಬ್ಬ ಬನ್ನೂರಿಂದ ನಿಮ್ಮೂರವರೆಗೂ ನೋಡ್ಬೇಕು. ಪಟ್ಟಿ ಹಾಕ್ಬೇಕು ಅಂದ್ರೆ ಒಂದು ದಿನ ಲೈನ್ ಆಫ್ ಮಾಡ್ಬೇಕು. ನಾನು ಬರೆದ್ರೆ ಮೇಲಿನೋರು ಆಮೇಲೆ ನೋಡೋಣ ಅಂತಾರೆ. ಪಹಣಿ ಯಾರ ಹೆಸರಲ್ಲಿದೆಯೋ ಅವರು, ಪ್ರಾಣಾಪಾಯ ಇದೆ ಅಂತ ಬರೆದು ರುಜು ಮಾಡಿ ಕೊಡ್ಲಿ. ಆಗ ಅವರು ತಪ್ಪಿಸ್ಕೊಳ್ಳೋಕಾಗಲ್ಲ, ವಾರದಲ್ಲಿ ಹಾಕಿಸ್ತೀನಿ."

ಪಹಣಿ ನನ್ನ ಗಂಡನ ಹೆಸರಲ್ಲಿತ್ತು. ಅಕ್ಕ ತನ್ನ ಕೈಯಾರೆ ಬಿಟ್ಟುಕೊಟ್ಟ ಹೊಲ ಅದು. ಅಕ್ಕನಿಗೇ ಹಕ್ಕಿದ್ದಿದ್ದರೆ ಅವತ್ತೇ ಅಲ್ಲೇ ರುಜು ಹಾಕಿ ಬರುತ್ತಿದ್ದೆವು.

ಸಂಜೆ ಅರ್ಜಿ ಬರೆದು ಇವರ ಮುಂದಿಟ್ಟೆ. ಇವರು ಓದಿದರು. ಪೆನ್ನು ಕೈಗೆತ್ತಿಕೊಳ್ಳಲಿಲ್ಲ.

"ಲೈನ್ ಎಷ್ಟು ದಿನ ನಿಲ್ಲದೆ ಓಡುತ್ತೋ ಅದರ ಮೇಲೆ ಕಂಪನಿಗೆ ಇನ್ಸೆಂಟಿವ್ ಕೊಡ್ತಾರೆ ಶಾಂತಿ. ಮಾರ್ಚ್ ಹತ್ರ ಬಂತು. ಈಗ ಆಫ್ ಮಾಡಿಸಿದ್ರೆ ನಮ್ ಕಾಲಿಗೆ ನಾವೇ ಕೊಡ್ಲಿ ಹಾಕ್ಕೊಂಡಂಗೆ. ಬಾಗಿನ ಕಮ್ಮಿಯಾದ್ರೆ ಅಕ್ಕಂಗೆ ಏನ್ ಹೇಳ್ಲಿ?"

"ಅಕ್ಕನೇ ತೋರಿಸಿ ಹೇಳಿದ್ದಲ್ವೇನ್ರೀ?"

"ಅವಳಿಗೆ ಏನ್ ಗೊತ್ತಾಗುತ್ತೆ? ಸಾವಿರಾರು ಪಟ್ಟಿ ಇರ್ತವೆ ಒಂದು ಟವರಿಗೆ. ನಾಲ್ಕು ಹಲ್ಲು ಬಿದ್ರೆ ಎಮ್ಮೆ ಸತ್ತೋಗುತ್ತಾ? ಹಬ್ಬ ಕಳೀಲಿ, ಡಿವಿಡೆಂಡ್ ಬರ್ಲಿ, ಆಮೇಲೆ ನಾನೇ ಬರೆದ್ಕೊಡ್ತೀನಿ."

"ಹಂಗಾದ್ರೆ ಆ ಷೇರು ಮಾರಿಬಿಡಿ. ಅಕ್ಕನ ದುಡ್ಡು ಬ್ಯಾಂಕಿಗೆ ಹಾಕಿ. ಆಮೇಲೆ ಧೈರ್ಯವಾಗಿ ರುಜು ಮಾಡಿ."

ಅವರು ನನ್ನನ್ನು ಕೆಟ್ಟ ಮಾತಾಡಿದವಳ ಹಾಗೆ ನೋಡಿದರು. "ಬಾಗಿನ ಯಾರಾದ್ರೂ ಮಾರ್ತಾರೇನೇ?"

ಅಲ್ಲಿಗೆ ಮುಗಿಯಿತು. ಕೊಟ್ಟ ಬಾಗಿನ ವಾಪಸು ತರಬಾರದು, ಮಾರಬಾರದು, ಅದು ಅಪಶಕುನ. ಷೇರು ಪೇಟೆಯ ಲೆಕ್ಕವೆಲ್ಲ ಕಲಿತ ಮನುಷ್ಯ ಷೇರಿಗೇ ಅರಿಶಿನ ಹಚ್ಚಿಟ್ಟಿದ್ದರು. ಜೊತೆಗೆ ಮೂಟೆಯ ಮೇಲಿನವರ ಭಯ. ನಿಮ್ಮ ಹೊಲದ ಟವರೇ ಅಲ್ಲಾಡುತ್ತಿದೆಯಂತಲ್ಲ ಎಂದು ಮದನ್ ಕೇಳಿಬಿಟ್ಟರೆ ಎಂಬ ಭಯ. ಇಷ್ಟು ನನಗೆ ಅರ್ಥವಾಗಿತ್ತು. ನಾನು ಕೂಗಾಡಿದೆ, ಎರಡು ದಿನ ಮಾತು ಬಿಟ್ಟೆ. ಕಡೆಗೆ ಅಕ್ಕನೇ ಫೋನು ಮಾಡಿ ನನ್ನನ್ನು ಸಮಾಧಾನ ಮಾಡಿದರು. "ಬುಡವ್ವ, ಅವ್ನು ನನ್ ಒಳ್ಳೇದ್ಕೇ ಅಲ್ವಾ ಏಳದು. ಅಬ್ಬ ಕಳ್ದ್ ಮ್ಯಾಲೆ ಬರ್ಕೊಡ್ತಾನಂತೆ. ಅಲ್ಲೀಗಂಟ ತಡ್ಕಂಡದೆ ಬುಡು."

ತಡೆದುಕೊಳ್ಳಲಿಲ್ಲ. ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಆಕಾಶ ಕಪ್ಪಿಟ್ಟಿತು. ಭರಣಿ ಸುರಿದರೆ ಧರಣಿ ಬದುಕೀತು ಎಂದು ಕಾಯುವ ಮಳೆ. ಸುರಿಯುವ ಮೊದಲು ಗಾಳಿ ಎದ್ದಿತು. ನಂಜನಗೂಡಿನಲ್ಲಿ ನಮ್ಮ ಅಂಗಡಿಯ ಬೋರ್ಡೇ ಹಾರಿ ರಸ್ತೆಗೆ ಬಿತ್ತು. ಅದನ್ನು ಎತ್ತಿಡುತ್ತಿರುವಾಗ ಹೆಮ್ಮರಗಾಲದ ಪಕ್ಕದ ಹೊಲದ ದೇವರಾಜು ಫೋನು ಮಾಡಿದ. "ಅಣ್ಣ, ಟವರ್ ಬಿದ್ದೋಯ್ತು. ಬಿರ್ರನೆ ಬನ್ನಿ" ಎಂದ. ಅಕ್ಕ ಎಲ್ಲಿ ಎಂದು ಇವರು ಕೇಳಿದರು. ಅವನು ಬನ್ನಿ ಎಂದಷ್ಟೇ ಮತ್ತೆ ಹೇಳಿದ.

ಟವರ್ ನಡುವಿಗೆ ಮುರಿದು ಕೊಟ್ಟಿಗೆಯ ಮೇಲೆ ಬಿದ್ದಿತ್ತು. ಗಾಳಿ ಜೋರಾದಾಗ ಅಕ್ಕ ಎಮ್ಮೆ ಬಿಚ್ಚಲು ಒಳಗೆ ಹೋಗಿದ್ದರು. ಎಮ್ಮೆಗಳೆರಡೂ ಬದುಕಿದ್ದವು, ದೂರದ ಬದುವಿನ ಮೇಲೆ ಹಗ್ಗ ಎಳೆದುಕೊಂಡು ನಿಂತಿದ್ದವು. ಬಿಚ್ಚುವಷ್ಟು ಹೊತ್ತು ಅಕ್ಕನಿಗೆ ಸಿಕ್ಕಿತ್ತು, ಹೊರಗೆ ಬರುವಷ್ಟು ಸಿಕ್ಕಿರಲಿಲ್ಲ. ನನ್ನ ಗಂಡ ಆ ಮಳೆಯಲ್ಲಿ ಬರಿಗೈಯಲ್ಲಿ ಕಬ್ಬಿಣ ಎತ್ತಲು ಹೋದರು. ನಾಲ್ಕು ಜನ ಹಿಡಿದು ಎಳೆದರೂ ಬಿಡಲಿಲ್ಲ. ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು. "ಅಕ್ಕ, ಬರ್ದ್ಕೊಡ್ತೀನಿ ಅಕ್ಕ, ಈಗ್ಲೇ ಬರ್ದ್ಕೊಡ್ತೀನಿ" ಎಂದು ಕಬ್ಬಿಣದೊಳಕ್ಕೆ ಕೂಗುತ್ತಿದ್ದರು. ನನಗೆ ಅಳು ಬರಲಿಲ್ಲ. ಅವರ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು.

ನಮ್ಮಲ್ಲಿ ಸುಡುವುದಿಲ್ಲ. ಆ ಹೊಲದಲ್ಲೇ, ಮಾವನ ಸಮಾಧಿಯ ಪಕ್ಕದಲ್ಲಿ ಗುಣಿ ತೋಡಿ, ಅಕ್ಕನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚಿದೆವು. ಮೈಸೂರಿನಿಂದ ಓಡಿಬಂದ ನಯನ ಮಾಮನ ಕೈಗೆ ಸುತ್ತಿದ್ದ ಬ್ಯಾಂಡೇಜು ಸಡಿಲವಾಗಿದ್ದನ್ನು ಬಿಚ್ಚಿ ಸರಿಯಾಗಿ ಕಟ್ಟಿದಳು. ನರ್ಸಿಂಗ್ ಓದುವ ಹುಡುಗಿ, ಕೈ ತಾನಾಗಿ ಕೆಲಸ ಮಾಡಿತು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ನನಗೆ ರೇಗುತ್ತದೆ. ಅಸಾಧಾರಣ ಗಾಳಿ, ಪ್ರಕೃತಿ ವಿಕೋಪ ಎಂದು ಕಂಪನಿ ಕಾಗದ ಮಾಡಿಸಿತು. ಪ್ರಕೃತಿ ವಿಕೋಪವಾದ್ದರಿಂದ ಟವರಿನ ದುಡ್ಡನ್ನು ವಿಮೆಯವರು ಕೊಟ್ಟರು. ಲೈನು ಒಂದು ತಿಂಗಳಿಗೂ ಮೇಲೆ ನಿಂತಿತ್ತಲ್ಲ, ಆ ದಿನಗಳನ್ನೆಲ್ಲ ಆಯೋಗದ ನಿಯಮದಂತೆ ಓಡಿದ ದಿನಗಳೆಂದೇ ಲೆಕ್ಕಕ್ಕೆ ಹಿಡಿದರು. ಬಾಡಿಗೆಗೆ ಮೋಸವಾಗಲಿಲ್ಲ, ಇನ್ಸೆಂಟಿವ್‌ಗೂ ಆಗಲಿಲ್ಲ. ನಯನಳಿಗೆ ಒಂದು ಸಣ್ಣ ಪರಿಹಾರ ಕೊಟ್ಟು ಫೋಟೋ ತೆಗೆಸಿಕೊಂಡರು. ಅದೇ ಜಾಗದಲ್ಲಿ ಹೊಸ ಟವರ್ ಎದ್ದಿತು. ಷೇರಿನ ಬೆಲೆ ಎರಡು ದಿನ ತೂಕಡಿಸಿ ಮತ್ತೆ ಮೇಲೆದ್ದಿತು.

ಇದೆಲ್ಲವನ್ನೂ ನನ್ನ ಗಂಡ ಒಂದೊಂದಾಗಿ ಓದಿದರು. ಒಂದು ದಿನ ಊಟದ ತಟ್ಟೆಯ ಮುಂದೆ ಕೂತು, "ನಾನು ಲೆಕ್ಕ ಹಾಕಿದ್ದೆಲ್ಲ ಸರಿಯಾಗೇ ಇತ್ತು ಕಣೇ" ಎಂದರು. ನಾನು ಸಾರು ಬಡಿಸುತ್ತಿದ್ದೆ. "ಒಂದು ತಿಂಗಳು ಲೈನ್ ನಿಂತ್ರೂ ಏನೂ ಆಗ್ಲಿಲ್ಲ. ಆ ಒಂದು ದಿನ ಆಫ್ ಮಾಡಿಸಿದ್ರೆ ಏನಾಗ್ತಿತ್ತು?"

"ಅಕ್ಕ ಬದುಕಿರೋರು" ಎಂದೆ.

ಅವರು ತಟ್ಟೆ ಸರಿಸಿ ಎದ್ದರು. ಅಂದಿನಿಂದ ಸಂಜೆ ಮೂಟೆಗಳ ಮೇಲೆ ಯಾರಾದರೂ ಕೂತರೆ ಒಳಗೆ ಹೋಗಿಬಿಡುತ್ತಾರೆ.

ಷೇರುಗಳು ನಯನಳ ಹೆಸರಿಗೆ ವರ್ಗವಾದವು, ನಾಮಿನಿ ಅವಳೇ ಇದ್ದಳು. ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ ಡಿವಿಡೆಂಡ್ ಬಂತು. ಹೋದ ವರ್ಷಕ್ಕಿಂತ ಹೆಚ್ಚು. ಬಟ್ಟೆ ಅಂಗಡಿಯ ಮದನ್ ಪಾಪ ಏನೂ ಅರಿಯದೆ ಮೈಸೂರುಪಾಕಿನ ಡಬ್ಬ ಹಿಡಿದು ಬಂದ. "ನೀವು ಹೇಳಿದ್ದು ಸುಳ್ಳಾಗ್ಲಿಲ್ಲ ರುದ್ರೇಶಣ್ಣ. ಟವರೇ ಬಿದ್ರೂ ಡಿವಿಡೆಂಡ್ ಬೀಳ್ಲಿಲ್ಲ ನೋಡಿ!" ಎಂದ. ನಾನು ಡಬ್ಬ ಇಸಿದುಕೊಂಡು ಅವನನ್ನು ಸಾಗಹಾಕಿದೆ.

ಹಬ್ಬದ ದಿನ ಬೆಳಿಗ್ಗೆ ಇವರು ತಾವಾಗಿಯೇ ಮೊರ ತೆಗೆದು ತೊಳೆದು ಅರಿಶಿನ ಹಚ್ಚಿದರು. ನಾನು ಬೇಡ ಎನ್ನಲಿಲ್ಲ, ಮಾಡಿ ಎಂದೂ ಹೇಳಲಿಲ್ಲ. ಮದುವೆಯಾಗದ ಹುಡುಗಿಗೆ ಮೊರದ ಬಾಗಿನ ಕೊಡುವುದು ಶಾಸ್ತ್ರದಲ್ಲಿಲ್ಲ. ಗಂಡ ಸತ್ತವಳಿಗೂ ಇರಲಿಲ್ಲ. ಹಣ ನಯನಳ ಖಾತೆಗೆ ಹೋಗಿತ್ತು, ಇವರು ಅಷ್ಟೇ ಹಣವನ್ನು ಅಂಗಡಿಯ ಗಲ್ಲಾದಿಂದ ತೆಗೆದು ಅಕ್ಕಿಯ ಕೆಳಗಿಟ್ಟರು.

ನಾವಿಬ್ಬರೂ ಹೆಮ್ಮರಗಾಲ ತಲುಪಿದಾಗ ನಯನ ಸಮಾಧಿಯ ಹತ್ತಿರ ಇದ್ದಳು. ಮಣ್ಣಿನ ಮೇಲೆ ಬೆಳೆದ ಹುಲ್ಲು ಕೀಳುತ್ತಿದ್ದಳು. ಅದರ ಮೇಲೆ ಹೊಸ ಟವರಿನ ನೆರಳು ಉದ್ದಕ್ಕೆ ಬಿದ್ದಿತ್ತು, ಎಲ್ಲ ಪಟ್ಟಿಗಳೂ ಇದ್ದವು. ಇವರು ಮೊರ ಹಿಡಿದು ಅವಳ ಮುಂದೆ ನಿಂತರು.

"ನಯನ, ಇದೊಂದ್ಸಲ ಇಸ್ಕೋ ಮಗಾ. ಆಮೇಲೆ ಆ ದರಿದ್ರ ಷೇರು ಮಾರಿಬಿಡೋಣ. ಬೆಲೇನೂ ಬಂದದೆ. ನಂಗೆ ಅದರ ಹೆಸರು ಕೇಳೋಕೆ ಆಗ್ತಿಲ್ಲ."

ಅವಳು ಎದ್ದು ಕೈ ಒರೆಸಿಕೊಂಡಳು.

"ಬಾಗಿನ ಯಾರಾದ್ರೂ ಮಾರ್ತಾರಾ ಮಾಮ?"

ಇವರು ನನ್ನ ಕಡೆ ನೋಡಿದರು. ನಾನು ಹೇಳಿರಲಿಲ್ಲ.

"ಅವ್ವ ಹೇಳಿದ್ಳು, ಫೋನಲ್ಲಿ" ಎಂದಳು ನಯನ. "ನೀವು ರುಜು ಹಾಕ್ದೆ ಇದ್ದದ್ದು, ಮಾರ್ದೆ ಇದ್ದದ್ದು, ಎಲ್ಲ ಹೇಳಿದ್ಳು. ನನ್ ತಮ್ಮಂಗೆ ನನ್ ಬಾಗಿನ ಅಂದ್ರೆ ಅಷ್ಟು ಪ್ರಾಣ ಕಣೇ ಅಂತ ನಗಾಡ್ಕಂಡೇ ಹೇಳಿದ್ಳು."

ಇವರ ಕೈಯಲ್ಲಿ ಮೊರ ವಾಲಿ ಅಕ್ಕಿ ಚೆಲ್ಲಿತು. ನಯನ ಮುಂದೆ ಬಂದು ದುಪಟ್ಟಾದ ಸೆರಗು ಮುಚ್ಚಿ, ಅಮ್ಮ ಇಸಿದುಕೊಳ್ಳುತ್ತಿದ್ದ ಹಾಗೆಯೇ ಎರಡೂ ಕೈಯಲ್ಲಿ ಮೊರ ಇಸಿದುಕೊಂಡಳು.

"ನಾನು ಮಾರಲ್ಲ ಮಾಮ. ಫೀಸು ಕಟ್ಬೇಕು, ಊಟ ಮಾಡ್ಬೇಕು. ತಪ್ಪಲ್ಲ ಅಂತ ನೀವೇ ಹೇಳಿದ್ರಿ, ತಪ್ಲಿಲ್ಲ. ಪ್ರತಿ ವರ್ಷ ಎಷ್ಟು ಬಂತು ಅಂತ ನೋಡಿ, ನೀವೇ ತಂದ್ಕೊಡಿ. ಮನೆಗೆ ಬೇಡ. ಇಲ್ಲಿಗೆ ತಂದು, ಎಷ್ಟು ಜಾಸ್ತಿ ಬಂತು ಅಂತ ಅವ್ವಂಗೆ ಕೇಳೋ ಹಂಗೆ ಹೇಳಿ ಕೊಡಿ."

ಅವಳು ಮೊರ ಹಿಡಿದು ಕಾಯುತ್ತಾ ನಿಂತಳು. ಇವರು ಸಮಾಧಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು, ಗಾಯದ ಗೆರೆಯಿದ್ದ ಅಂಗೈಯನ್ನು ಮಣ್ಣಿನ ಮೇಲಿಟ್ಟರು.

"ಅಕ್ಕ," ಎಂದರು, "ಓದ್ ವರ್ಸಕ್ಕಿಂತ ಈ ಸಲ ಜಾಸ್ತಿ ಬಂದದೆ ಅಕ್ಕ."